ಸುಟ್ಟ ಮಿಷನ್ನಿಗೆ ಹೇಮಾವತಿಯ ಕಾವಲು

ಹಿರಿಯೂರಿನ ಹಿಂಬದಿಯ ಬೀದಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನಗರಸಭೆಯ ಕಸದ ಗಾಡಿ ಬರುವುದಕ್ಕೂ ವಿಮಾ ಏಜೆಂಟ್ ಹೇಮಾವತಿಯವರ ಸ್ಕೂಟರ್ ನಿಲ್ಲುವುದಕ್ಕೂ ಸರಿಹೋಗುತ್ತದೆ. ಬಾಡಿಗೆ ಮನೆಯೊಂದರ ಮುಂದೆ ಸುಟ್ಟ ಹಾಸಿಗೆ, ಕರಗಿದ ಮಿಕ್ಸಿ, ಕರಕಲಾದ ಹೊಲಿಗೆ ಮಿಷನ್ನು ರಾಶಿ ಬಿದ್ದಿವೆ. ಗಾಡಿಯವನು ಮಿಷನ್ನಿಗೇ ಮೊದಲು ಕೈ ಹಾಕಿದ್ದಾನೆ.

"ಏನಪ್ಪ, ಅದನ್ನ ಮುಟ್ಟಬ್ಯಾಡ, ಕೆಳಗಿಡು." ಹೆಲ್ಮೆಟ್ ಕೂಡ ತೆಗೆಯದೆ ಹೇಮಾವತಿ ಅಡ್ಡ ನಿಲ್ಲುತ್ತಾರೆ.

ಹಿಂದಿನ ಸಂಜೆ ಇಲ್ಲಿ ವೈರಿಂಗ್ ಹೊತ್ತಿಕೊಂಡು ಒಂದು ಕೋಣೆ ಸುಟ್ಟಿದೆ. ಬಾಡಿಗೆಗಿರುವ ರಂಜಿತಾ ಬ್ಲೌಸ್ ಹೊಲಿದು ಸಂಸಾರ ತೂಗಿಸುವಾಕೆ. ಸಾಮಾನಿಗೆ ವಿಮೆ ಮಾಡಿಸಿದ್ದು ಹೇಮಾವತಿ. ಹತ್ತು ಗಂಟೆಗೆ ನಷ್ಟ ನೋಡಲು ಕಂಪನಿಯ ಸರ್ವೇಯರ್ ಬರಬೇಕು. ಸುಟ್ಟಿದ್ದು ಅವರ ಕಣ್ಣಿಗೆ ಬೀಳದಿದ್ದರೆ ರಂಜಿತಾಳ ಮಿಷನ್ನು ಹೋದದ್ದು ಹೋದಂತೆಯೇ. "ಒಂದು ಕಡ್ಡೀನೂ ಅಲ್ಲಾಡಿಸಬ್ಯಾಡ" ಎಂದು ರಂಜಿತಾಳಿಗೆ ಫೋನಿನಲ್ಲಿ ಹೇಳಿಯೂ ಆಗಿತ್ತು. ಆದರೆ ಆಕೆಯ ಅತ್ತೆ ಮಲ್ಲಕ್ಕನ ಪದ್ಧತಿಯೇ ಬೇರೆ. ಸುಟ್ಟದ್ದನ್ನು ಹೊತ್ತು ಹುಟ್ಟುವ ಮೊದಲೇ ಹೊಸ್ತಿಲು ದಾಟಿಸಿ, ಮನೆ ತೊಳೆದು ದೀಪ ಹಚ್ಚಬೇಕು.

"ಸುಟ್ಟಿದ್ದು ಮನ್ಯಾಗೆ ಇಟ್ಕಂಡ್ರೆ ಒಳ್ಳೇದಾಗಲ್ಲ ಕಣಮ್ಮ," ಮಲ್ಲಕ್ಕ ಪೊರಕೆ ಬಿಡುವುದಿಲ್ಲ.

"ಮನ್ಯಾಗೆ ಬ್ಯಾಡ ಬಿಡ್ರಿ ದೊಡ್ಡಮ್ಮ, ಅಂಗಳದಾಗೆ ಇರಲಿ. ನಾನೇ ಕಾಯ್ತೀನಿ."

ಗಾಡಿ ಗೊಣಗಿಕೊಂಡು ಮುಂದೆ ಹೋಗುತ್ತದೆ. ಹೇಮಾವತಿ ಕಟ್ಟೆಯ ಮೇಲೆ ಕೂರುತ್ತಾರೆ.

ಜವನಗೊಂಡನಹಳ್ಳಿಯಿಂದ ಮದುವೆಯಾಗಿ ಬಂದ ಅವರು ಹನ್ನೊಂದು ವರ್ಷ ಬಾಡಿಗೆ ಮನೆಗಳಲ್ಲೇ ಬಾಳಿದವರು. ಒಮ್ಮೆ ಗೋಡೆಯೊಳಗಿನ ಪೈಪ್ ಒಡೆದು ಅಕ್ಕಿ, ಟಿ.ವಿ., ಬಟ್ಟೆ ಎಲ್ಲ ನೀರುಪಾಲಾಯಿತು. ಮಾಲೀಕರ ವಿಮೆಯಿಂದ ಗೋಡೆ ರಿಪೇರಿಯಾಯಿತು, ಇವರ ಸಾಮಾನಿನ ಸುದ್ದಿ ಯಾರೂ ಎತ್ತಲಿಲ್ಲ. ಆ ಸಿಟ್ಟು ಇನ್ನೂ ಆರಿಲ್ಲ. ಈಗ ದಿನಕ್ಕೆ ಏಳೆಂಟು ಬಾಡಿಗೆ ಮನೆಗಳ ಮೆಟ್ಟಿಲು ಹತ್ತಿಳಿಯುತ್ತಾರೆ. ಕೂತು ಕೇಳುವವರು ಒಂದೆರಡು ಮನೆಯವರು. ವಾರಕ್ಕೊಬ್ಬರು ಒಪ್ಪಿದರೆ ದೊಡ್ಡದು.

"ಎಲ್ಲಾದಕ್ಕೂ ದುಡ್ಡು ಬರ್ತೈತೆ ಅಂತ ಸುಳ್ಳು ಹೇಳಿ ಮಾಡ್ಸಲ್ಲ ನಾನು. ಬೆಂಕಿಗಷ್ಟೇ ಸಾಕಾ, ಕಳ್ಳತನಕ್ಕೂ ಬೇಕಾ, ಯೋಚ್ನೆ ಮಾಡ್ರಿ ಅಂತೀನಿ. ದುಡಿಯೋ ಮಿಷನ್ ಇದ್ರೆ ಬ್ಯಾರೆ ಬರೆಸ್ರಿ ಅಂತೀನಿ." ಒಪ್ಪಿದವರ ಮನೆಯಲ್ಲಿ ಕೂತು ಒಂದೊಂದು ಸಾಮಾನನ್ನೂ ನೋಟ್‌ಬುಕ್ಕಿಗೆ ಇಳಿಸಿ, ಫೋಟೊ ಹಿಡಿಯುತ್ತಾರೆ. ಅಷ್ಟು ತಾಳ್ಮೆ ಈ ಕೆಲಸದಲ್ಲಿ ಎಲ್ಲರಿಗೂ ಇರುವುದಿಲ್ಲ.

ಹತ್ತು ಗಂಟೆಯ ಸರ್ವೇಯರ್ ಹನ್ನೊಂದೂವರೆಗೆ ಬರುತ್ತಾರೆ. ರಾಶಿ ನೋಡಿ ಅವರ ಹುಬ್ಬು ಗಂಟಿಕ್ಕುತ್ತದೆ. "ಒಳಗೆ ಸುಟ್ಟಿದ್ದು ಬೀದೀಲಿ ಯಾಕಿದೆ? ಇದು ಈ ಮನೇದೇ ಅಂತ ಹೆಂಗೆ ನಂಬಲಿ?"

ರಂಜಿತಾಳ ಮುಖ ಕಪ್ಪಿಡುತ್ತದೆ. ಮಲ್ಲಕ್ಕನ ಕೈಯ ಪೊರಕೆ ಈಗ ತಾನಾಗಿ ಕೆಳಗೆ ಬೀಳುತ್ತದೆ. ಹೇಮಾವತಿ ಬಟ್ಟೆಗೆ ಸೀಮೆಎಣ್ಣೆ ಹಚ್ಚಿ ಮಿಷನ್ನಿನ ಮಸಿ ಉಜ್ಜುತ್ತಾರೆ. ಕಬ್ಬಿಣದಲ್ಲಿ ಕೊರೆದ ನಂಬರು ಒಂದೊಂದೇ ಅಂಕಿಯಾಗಿ ಮೇಲೆ ಬರುತ್ತದೆ. ವಿಮೆ ಮಾಡಿಸುವಾಗ ಆ ನಂಬರು ಬರೆದಿಟ್ಟ ಪುಟಕ್ಕೆ ನೋಟ್‌ಬುಕ್ ತೆರೆದು ಪಕ್ಕಕ್ಕಿಡುತ್ತಾರೆ. ಸರ್ವೇಯರ್ ಎರಡು ಸಲ ಹೋಲಿಸಿ ನೋಡುತ್ತಾರೆ. ಕೊನೆಯ ಅಂಕಿಯವರೆಗೂ ಅದೇ. ಅವರು ಪೆನ್ನು ತೆಗೆದು ನಷ್ಟದ ಪಟ್ಟಿಯಲ್ಲಿ ಮಿಷನ್ನನ್ನು ಬರೆದುಕೊಳ್ಳುತ್ತಾರೆ.

ಅವರು ಹೋದ ಮೇಲೆ ಮಲ್ಲಕ್ಕ ಕಾಫಿ ಲೋಟ ಹಿಡಿದು ಬರುತ್ತಾಳೆ. "ನಿನ್ನ ಸಾಯೋಗಂಟ ಮರೆಯಲ್ಲ ಕಣಮ್ಮ."

ಹೇಮಾವತಿ ಮಸಿ ಕೈಯಲ್ಲೇ ಲೋಟ ತೆಗೆದುಕೊಳ್ಳುತ್ತಾರೆ. "ಮರ್ತುಬಿಡ್ರಿ ದೊಡ್ಡಮ್ಮ. ನನ್ನ ನೆನಪಾಗೋ ಅಂಥ ದಿನ ಯಾರ ಮನೀಗೂ ಬರಬಾರದು."