ಖಂಡಪ್ಪ ಕಾಕಾನ ಬೀಡಿ ಖಟ್ಲೆ

ನಮ್ಮ ಖಂಡಪ್ಪ ಕಾಕಾ ಮದುವೆಯ ದಿನ ಲಿಂಗ ಮುಟ್ಟಿ ಬೀಡಿ ಬಿಟ್ಟವನು. ಬಿಟ್ಟಿದ್ದೂ ಖರೆ. ಆದರೆ ಅವನ ಹೆಂಡತಿ ನಿಂಬೆವ್ವ ಕಾಕು ನಂಬಬೇಕಲ್ಲ. ದಿನಾ ಸಂಜೆ ಅವನ ಬಾಯಿ ಮೂಸಿ ನೋಡಿಯೇ ರೊಟ್ಟಿ ಬಡಿಸುತ್ತಿದ್ದಳು. ಅಂಗಿಯ ಜೇಬು, ರುಮಾಲಿನ ಮಡಿಕೆ, ಕೊನೆಗೆ ಎತ್ತಿನ ಗಂಟೆಯೊಳಗೂ ಬೆರಳಾಡಿಸುತ್ತಿದ್ದಳು. ಮೂವತ್ತು ವರ್ಷದಲ್ಲಿ ಅವಳಿಗೆ ಸಿಕ್ಕಿದ್ದು ಒಂದು ಲವಂಗ. ವಾಸನೆ ಮುಚ್ಚಲಿಕ್ಕೆ ಇಟ್ಟುಕೊಂಡಿದ್ದಾನೆಂದು ಅದಕ್ಕೂ ಎರಡು ದಿನ ಮಾತು ಬಿಟ್ಟಳು.

೧೯೮೭ರಲ್ಲಿ ಕಾಕಾನಿಗೆ ಏದುಸಿರು, ಎದೆನೋವು ಶುರುವಾಯಿತು. ಕೆಮ್ಮಿದ್ದೇ ತಡ, ನಮ್ಮೂರು ಖಜೂರಿಗೆ ಖಜೂರಿಯೇ ಬೀಡಿಯೆಂದು ತೀರ್ಪು ಕೊಟ್ಟಿತು. ಸಲಾವುದ್ದೀನನ ಚಹಾದ ಹೋಟೆಲಿನಲ್ಲಿ ಕೂತವರು, ತಾವೇ ಬುಸುಬುಸು ಹೊಗೆ ಬಿಡುತ್ತ, ಲಿಂಗ ಮುಟ್ಟಿ ಸುಳ್ಳಾಡಿದವನ ಗತಿ ನೋಡಿರೆಂದರು. ನನಗೆ ಮೈ ಉರಿಯಿತು. ಕಾಕಾ ಸಾವಿಗೆ ಹೆದರಲಿಲ್ಲ, ಆಣೆ ತಪ್ಪಿದವನೆಂಬ ಹೆಸರು ಹೊತ್ತು ಸಾಯಲು ಹೆದರಿದ.

ಅವನ ಅಣ್ಣನ ಮಗನಾದ ನಾನು ಇಬ್ಬರನ್ನೂ ಸೊಲ್ಲಾಪುರಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಎದೆಯಿಂದ ಎರಡು ತಂಬಿಗೆ ನೀರು ತೆಗೆದು, ಒಳಗಿನ ಮಾಂಸದ ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಹದಿನೈದು ದಿನ ಬಿಟ್ಟು ಮತ್ತೆ ಹೋದಾಗ, ಲಗ್ನಕ್ಕಿಂತ ಮೊದಲು ಏನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದರು. ಬಟ್ಟೆ ಗಿರಣಿಯೊಂದರಲ್ಲಿ ಹಬೆ ಕೊಳವೆಗಳಿಗೆ ಶಾಖ ತಡೆಯಲು ಕಲ್ನಾರು, ಅದೇ ಆಸ್ಬೆಸ್ಟಾಸ್, ಸುತ್ತುತ್ತಿದ್ದೆ, ಮೈಯೆಲ್ಲ ಹಿಟ್ಟು ಮೆತ್ತಿದಂತೆ ಬೆಳ್ಳಗಾಗುತ್ತಿತ್ತು ಎಂದ ಕಾಕಾ.

ಡಾಕ್ಟರು ತಲೆಯಾಡಿಸಿದರು. "ಶೇಂಗಾ ಕಾಳಿಗೆ ಕೆಂಪು ಸಿಪ್ಪಿ ಇರ್ತದಲ್ರಿ, ಹಂಗ ಪುಪ್ಪುಸಕ್ಕೂ ಒಂದು ಪದರ ಇರ್ತದ. ಬೀಡಿ ಸೇದವ್ರಿಗೆ ಕಾಳಿನಾಗ ಗಡ್ಡಿ ಬರ್ತದ. ನಿಮ್ಮದು ಸಿಪ್ಪಿ ಕ್ಯಾನ್ಸರ್, ಮೆಸೊಥೆಲಿಯೋಮಾ ಅಂತಾರ. ಇದಕ್ಕ ಬೀಡಿ ಕಾರಣ ಅಲ್ಲ. ಆ ಕಲ್ನಾರಿನ ಧೂಳು ಮೂವತ್ತು ವರ್ಷ ಒಳಗ ಕುಂತಿತ್ತು."

ಕಾಕಾ ಡಾಕ್ಟರ ಕಾಲಿಗೇ ಬಿದ್ದ. ಕ್ಯಾನ್ಸರ್ ಎಂದು ಕೇಳಿ ಇಷ್ಟು ಖುಷಿಪಟ್ಟ ಮನುಷ್ಯನನ್ನು ಆ ಆಸ್ಪತ್ರೆ ಕಂಡಿರಲಿಕ್ಕಿಲ್ಲ. ಬಸ್ಸಿಳಿದವನು ಮನೆಗೂ ಹೋಗದೆ ನೆಟ್ಟಗೆ ಹೋಟೆಲಿಗೆ ನಡೆದ. ಎಕ್ಸ್‌ರೇ ಹಾಳೆಯನ್ನು ಬಿಸಿಲಿಗೆ ಹಿಡಿದು, ಕಾಳು ಯಾವುದು ಸಿಪ್ಪೆ ಯಾವುದು ಎಂದು ಒಬ್ಬೊಬ್ಬರಿಗೂ ತೋರಿಸಿದ. ಚಹಾಕ್ಕೆ ನಿಂತ ಲಾರಿ ಡ್ರೈವರುಗಳನ್ನೂ ಬಿಡಲಿಲ್ಲ, ಪಾಪ, ಅವರಿಗೆ ಕನ್ನಡವೇ ಬರುತ್ತಿರಲಿಲ್ಲ. ಸಲಾವುದ್ದೀನ ತಪ್ಪೊಪ್ಪಿಕೊಂಡು ಚಹಾ ಕುಡಿಸಿದ.

ಕಾಕು ಮಾತ್ರ ಹೋಟೆಲಿನತ್ತ ತಿರುಗದೆ ಮನೆಯ ದಾರಿ ಹಿಡಿದಳು. ಡಾಕ್ಟರ ಇನ್ನೊಂದು ಮಾತನ್ನು ಅವಳು ಕೇಳಿಸಿಕೊಂಡಿದ್ದಳು. ಒಳಗಿನ ಗಡ್ಡೆಯಾದರೆ ಕೆಲವರಿಗೆ ಕೊಯ್ದು ತೆಗೆಯಬಹುದು, ಇದು ಪದರದ ತುಂಬ ಹಬ್ಬಿದೆ, ನೀರು ತುಂಬಿದಾಗ ತೆಗೆದು ಉಸಿರು ಹಗುರ ಮಾಡುವುದಷ್ಟೇ ಎಂದಿದ್ದರು.

ಮನೆಗೆ ಬಂದ ಕಾಕಾ ಗೆದ್ದವನಂತೆ ಅವಳ ಮುಂದೆ ಕೂತ.

"ಈಗರ ನಂಬ್ತಿಯೇನ ಬೇ?"

"ನಂಬ್ತೇನ್ರಿ," ಎಂದಳು ಕಾಕು. "ಬೀಡಿ ಆಗಿದ್ರ ಕಸಗೊಂಡು ಒಲ್ಯಾಗ ಹಾಕ್ತಿದ್ದೆ. ಇದನ್ನ ನಾ ಎಲ್ಲಿ ಹುಡುಕ್ಲಿ?"