ಅತ್ತೆಯ ಸೋರುವ ಮನೆಗೆ ಫಾರಿನ್ ಮೆಚ್ಚುಗೆ

ಜಗತ್ತಿನ ಬಡವರು ಎಂಥ ಮನೆಯಲ್ಲಿರಬೇಕು ಎಂದು ತೀರ್ಮಾನಿಸುವ ಜನ ಹುಣಸೂರು ತಾಲ್ಲೂಕಿನ ನಮ್ಮೂರಿಗೂ ಒಮ್ಮೆ ಬಂದಿದ್ದರು. ತೊಂಬತ್ತರ ದಶಕದ ಕೊನೆ. ನಾನಾಗ ಪಿಯುಸಿಯನ್ನು ಎರಡನೇ ಸಲ ಓದುತ್ತಿದ್ದೆ. ಇಂಗ್ಲಿಷ್ ಮೇಷ್ಟ್ರನ್ನು ಅವರ ಕೆಮ್ಮಿನ ಸಮೇತ ಅಣಕಿಸುತ್ತಿದ್ದುದರಿಂದ ನನಗೆ ಇಂಗ್ಲಿಷ್ ಬರುತ್ತದೆಂಬ ಸುದ್ದಿ ಊರಲ್ಲಿ ಹಬ್ಬಿತ್ತು. ನಿಜ ಹೇಳಬೇಕೆಂದರೆ ನನಗೆ ಬರುತ್ತಿದ್ದದ್ದು ರಾಗ ಮಾತ್ರ. ಪದಗಳೆಲ್ಲ ಮೇಷ್ಟ್ರ ಹತ್ತಿರವೇ ಉಳಿದಿದ್ದವು.

ಬರುವವರು ಸರ್ಕಾರಿ ಮನೆಗೆ ಕಾದಿರುವ ಯಾರಾದರೊಬ್ಬರ ಮನೆ ನೋಡಬೇಕಂತೆ. ಪಂಚಾಯ್ತಿ ಸೆಕ್ರೆಟರಿ ನಮ್ಮ ಸೋದರತ್ತೆಯ ಮನೆಯನ್ನೇ ಆರಿಸಿದರು. ಅದಕ್ಕಿಂತ ಹಾಳುಬಿದ್ದದ್ದು ಊರಲ್ಲಿರಲಿಲ್ಲ. ನಾಡಹೆಂಚಿನ ಸೂರು ಸೋರುತ್ತಿತ್ತು, ಹಿಂದಿನ ಮಣ್ಣಿನ ಗೋಡೆ ಬಸುರಿಯ ಹಾಗೆ ಉಬ್ಬಿ ಬಿರುಕು ಬಿಟ್ಟಿತ್ತು. ಗಂಡ ಸತ್ತ ಮೇಲೆ ಅತ್ತೆ ಒಬ್ಬಳೇ ಅಲ್ಲಿದ್ದಳು. ಇನ್ನೊಂದು ಮಳೆಗಾಲಕ್ಕೆ ಗೋಡೆ ನಿಲ್ಲುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

"ಎಂಗದೋ ಅಂಗೇ ಇರ್ಲಿ ಕಣವ್ವ, ಏನೂ ಮುಟ್ಬೇಡ. ಬಂದೋರು ನೋಡಿ ಅಯ್ಯೋ ಅನ್ಬೇಕು" ಎಂದು ಸೆಕ್ರೆಟರಿ ಹೇಳಿ ಹೋದರು.

ಅವರ ಬೆನ್ನು ತಿರುಗುತ್ತಲೇ ಅತ್ತೆ ನನ್ನನ್ನು ಕರೆದಳು. "ಲೇ, ಎರಡು ಮಂಕರಿ ಕೆಮ್ಮಣ್ಣು ತತ್ತಾ."

"ಅವ್ರು ಬ್ಯಾಡ ಅಂದ್ರಲ್ಲತ್ತೆ?"

"ಅವ್ರಿಗೇನು, ಬಂದೋರು ಆಡ್ಕೊಳ್ಳೋದು ನನ್ನ ತಾನೆ? ಪರದೇಸದೋರು ಮನೆಗ್ ಬತ್ತಾವ್ರೆ, ಸಾರ್ಸ್ದೆ ಗುಡುಸ್ದೆ ಕೂರ್ಸಕೆ ನಾನೇನ್ ಸತ್ತೋಗಿದ್ದೀನಾ?"

ಎರಡು ದಿನ ಬಳಿದಳು. ಬಿರುಕಿಗೆ ಹುಲ್ಲು ಕಲಸಿದ ಮಣ್ಣು ತುಂಬಿ, ಮೇಲೆ ಕೆಮ್ಮಣ್ಣು, ಅಂಚಿಗೆ ಸುಣ್ಣದ ಪಟ್ಟೆ. ನೆಲಕ್ಕೆ ಸಗಣಿ ಸಾರಿಸಿ ರಂಗೋಲಿ. ಸೋರುವ ಕಡೆ ಇಡುತ್ತಿದ್ದ ಪಾತ್ರೆಗಳನ್ನೆಲ್ಲ ಹಿತ್ತಲಿಗೆ ಸಾಗಿಸಿದಳು. ಮಣ್ಣು ಹೊತ್ತವನು ನಾನೇ ಆದ್ದರಿಂದ ಮುಂದಿನ ಅನಾಹುತದಲ್ಲಿ ನನ್ನದೂ ಅರ್ಧ ಪಾಲಿದೆ.

ಜೀಪಿಳಿದು ಬಂದ ಬಿಳಿ ಹೆಂಗಸು ಗೋಡೆಗೆ ಕೈಯಿಟ್ಟು ಕಣ್ಣು ಮುಚ್ಚಿದರು. ತಂಪು, ಅಗ್ಗ, ಪರಿಸರಕ್ಕೂ ಒಳ್ಳೆಯದು, ಹಿಡಿಯಷ್ಟೂ ಸಿಮೆಂಟಿಲ್ಲ. ದೇಶದೇಶಗಳು ಸೇರಿ ಮಾಡುತ್ತಿರುವ ವಸತಿ ನೀತಿ ಹುಡುಕುತ್ತಿದ್ದದ್ದು ಇದನ್ನೇ ಎಂದರಂತೆ. ಜೊತೆಗೆ ಬಂದಿದ್ದ ತಾಲ್ಲೂಕಿನ ಸಾಹೇಬರು ಅದನ್ನು ನಮಗೆ ಕನ್ನಡದಲ್ಲಿ ಹೇಳಿದರು. ಜೀಪಿಳಿಯುವಾಗ 'ಬೀಳೋ ಮನೆ' ಎನ್ನುತ್ತಿದ್ದವರು ಹೊಸ್ತಿಲು ದಾಟುವಷ್ಟರಲ್ಲಿ 'ನಮ್ಮ ಪರಂಪರೆ' ಎನ್ನತೊಡಗಿದ್ದರು.

"ಇಂಥ ಮನೆ ಕೆಡವೋದು ಪಾಪ ಕಣಮ್ಮ. ನಿಮಗ್ಯಾಕೆ ಸರ್ಕಾರಿ ಮನೆ?" ಎಂದವರೇ ಕೈಲಿದ್ದ ಸರ್ಕಾರಿ ಮನೆಗಳ ಪಟ್ಟಿಯಲ್ಲಿ ಅತ್ತೆಯ ಹೆಸರಿಗೆ ಗೀಟು ಎಳೆದರು.

ಅತ್ತೆ ನನ್ನ ತೋಳು ಹಿಡಿದಳು. "ಯೋಳ್ಲಾ ಆವಮ್ಮಂಗೆ, ಮಳೆ ಬಂದ್ರೆ ಮನೆಯೆಲ್ಲ ಸೋರ್ತದೆ ಅಂತ. ಇಂಗ್ಲೀಸು ಬತ್ತದೆ ಅಂತ ಮೆರೀತೀಯಲ್ಲ!"

ಬಾಯಿ ತೆರೆದೆ. ಕೆಮ್ಮು ಬಂತು, ಇಂಗ್ಲಿಷ್ ಬರಲಿಲ್ಲ. ಕೊನೆಗೆ ಬರುವುದನ್ನೇ ಮಾಡಿದೆ: ಗುಡುಗಾದೆ, ಟಪ್ ಟಪ್ ಹನಿಯಾದೆ, ಸೆರಗು ಸಿಕ್ಕಿಸಿ ಪಾತ್ರೆ ಹಿಡಿದು ಮೂಲೆಯಿಂದ ಮೂಲೆಗೆ ಓಡುವ ಅತ್ತೆಯಾದೆ. ಬಿಳಿ ಹೆಂಗಸು ಚಪ್ಪಾಳೆ ತಟ್ಟಿ ಫೋಟೋ ತೆಗೆದರು. ಸಾಹೇಬರು ಅವರಿಗೆ ಅದನ್ನು ಜಾನಪದ ಕಲೆ ಎಂದು ವಿವರಿಸಿದರು.

"ಥೂ, ಕೋತಿ ಮುಂಡೇದೆ, ಸರ್ಕೊಳ್ಲಾ" ಎಂದು ಅತ್ತೆ ಹಿತ್ತಲಿಗೆ ಹೋದಳು. ಹಿಂದಿನ ಗೋಡೆಗೆ ಏಣಿ ಒರಗಿಸಿ, ತುಂಬಿದ ಕೊಡ ಹಿಡಿದು ಹತ್ತಿ, ಸೂರಿನ ನೆತ್ತಿಗೇ ನೀರು ಸುರಿದಳು. ಒಳಗೆ ಮೊದಲ ಧಾರೆ ಸಾಹೇಬರ ಬೋಳುತಲೆಗೆ, ಎರಡನೆಯದು ಪಟ್ಟಿಯ ಮೇಲಕ್ಕೆ. ಎರಡನೇ ಕೊಡಕ್ಕೆ ಗೋಡೆಗೆ ಮೆತ್ತಿದ್ದ ಹಸಿ ಮಣ್ಣು ಕಳಚಿ ಬಿತ್ತು; ಬಿರುಕಿನಾಚೆ ಏಣಿಯೂ ಅತ್ತೆಯ ಕಾಲೂ ಕಂಡವು.

ಬಿಳಿ ಹೆಂಗಸು ಬಗ್ಗಿ ನೋಡಿದರು, ಕ್ಯಾಮೆರಾ ಒರೆಸಿಕೊಂಡರು, ಸಾಹೇಬರಿಗೆ ಏನೋ ಚುಟುಕಾಗಿ ಹೇಳಿದರು. ಅದು ಮಾತ್ರ ನನಗೆ ಪೂರ್ತಿ ಅರ್ಥವಾಯಿತು, ಸಾಹೇಬರ ಮುಖ ಕನ್ನಡದಲ್ಲಿತ್ತು.

ಮೇಲಿಂದ ಅತ್ತೆಯ ದನಿ ಬಂತು: "ನನ್ನೆಸ್ರು ತಿರ್ಗಾ ಬರ್ಕೊಂಡ್ರಾ ಸ್ವಾಮಿ? ಇನ್ನೊಂದ್ ಕೊಡ ಉಯ್ಲಾ?"

"ಬರ್ಕೊಂಡೆ ಕಣಮ್ಮಾ, ಮೊದ್ಲು ಇಳೀರಿ!"

ಅತ್ತೆ ಇಳಿಯಲಿಲ್ಲ. ಸಾಹೇಬರು ಒದ್ದೆ ಕಾಗದದಲ್ಲಿ ಬರೆದದ್ದನ್ನು ನಾನು ಬಿರುಕಿಗೆ ಬಾಯಿಟ್ಟು ಎರಡು ಸಲ ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಅವಳ ಕಾಲು ನೆಲ ಮುಟ್ಟಿತು.