ಏಜೆಂಟ್ ಶಶಾಂಕ ಆಗಬೇಕಿದ್ದ ಲೋಕೇಶ್

ಗೂಢಚಾರ ಚಿತ್ರಸರಣಿಯ ಏಜೆಂಟ್ ಶಶಾಂಕನಾಗಿ ಪರದೆಯ ಮೇಲೆ ಪಿಸ್ತೂಲು ಹಿಡಿದವರು ಈ ನಲವತ್ತು ವರ್ಷಗಳಲ್ಲಿ ಬೆರಳೆಣಿಕೆಯಷ್ಟು ಜನ. ‘ನಾನೇ ಆಗಬೇಕಿತ್ತು, ಕೊನೇ ಗಳಿಗೆಯಲ್ಲಿ ತಪ್ಪಿಹೋಯಿತು’ ಎನ್ನುವವರನ್ನು ಮಾತ್ರ ಲೆಕ್ಕ ಹಾಕಲು ಹೋಗಬಾರದು. ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಅಂಥವರೊಬ್ಬರು ಸಿಗುತ್ತಾರೆ. ಬ್ಯಾಂಕಿನಿಂದ ನಿವೃತ್ತರಾದವರು ಒಬ್ಬರು, ಸೀರೆ ಅಂಗಡಿ ಇಟ್ಟುಕೊಂಡವರು ಇನ್ನೊಬ್ಬರು. ಕಾಫಿ ಕುಡಿಸಿದರೆ ಕಥೆ ಹೇಳುತ್ತಾರೆ, ಅರ್ಧದಷ್ಟು ನಂಬಬಹುದು. ಬಾಗಲಗುಂಟೆಯ ಲೋಕೇಶನ ಕಥೆಯನ್ನು ಪೂರ್ತಿ ನಂಬಬಹುದು, ಏಕೆಂದರೆ ಅವನು ಅದನ್ನು ಯಾರಿಗೂ ಹೇಳಿಕೊಂಡವನಲ್ಲ.

ಲೋಕೇಶ್ ಪೀಣ್ಯ ಎರಡನೇ ಹಂತದ ಒಂದು ಕಾರ್ಖಾನೆಯಲ್ಲಿ ಮೆಷಿನ್ ಆಪರೇಟರ್. ಕೆಲಸ ಮಾಡಿಯೇ ಹೊಟ್ಟೆ ಹೊರೆಯಬೇಕಾದ ಕಷ್ಟವೇನೂ ಅವನಿಗಿರಲಿಲ್ಲ. ಅಪ್ಪ ಹನುಮಂತರಾಯಪ್ಪ ಊರಿನ ಹಳೇ ಒಕ್ಕಲು. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲು ಸಾಲಾಗಿ ಬಾಡಿಗೆ ಮನೆಗಳು. ಮಗ ಅದನ್ನೇ ನೋಡಿಕೊಂಡು ಗೌರವವಾಗಿ ಇರಲಿ ಎಂದು ಅವರ ಆಸೆ. ಮಗನಿಗೋ ನಾಟಕದ ಹುಚ್ಚು. ಕಾರ್ಖಾನೆಯ ಗೆಳೆಯರು ಸೇರಿ ವರ್ಷಕ್ಕೊಮ್ಮೆ ಆಡುವ ಪೌರಾಣಿಕ ನಾಟಕದಲ್ಲಿ ಗದೆ ಹೊತ್ತ ರಾಜನ ಪಾತ್ರ ಅವನಿಗೇ ಮೀಸಲು. ಯಾವ ರಾಜ ಎಂದು ಹೇಳಬೇಕಾಗಿಲ್ಲ. ಗದೆಯೂ ದೊಡ್ಡದು, ಮೀಸೆಯೂ ದೊಡ್ಡದು.

“ಮಾನವಾಗಿ ಬದುಕೋ ಗಂಡ್ಸು ಮೊಕಕ್ಕೆ ಬಣ್ಣ ಬಳ್ಕಂಡು ಕುಣೀತಾನೇನ್ಲಾ?” ಎಂದು ಅಪ್ಪ ಒಮ್ಮೆ ಕೇಳಿದ್ದರು. ಆಮೇಲೆ ಕೇಳಲೂ ಇಲ್ಲ. ನಾಟಕದ ದಿನ ಬಂತೆಂದರೆ ನೆಲಮಂಗಲದ ಕಡೆ ಯಾರೋ ನೆಂಟರ ಮನೆಗೆ ಹೊರಟು, ಸಂಜೆಗೆ ಮರಳುತ್ತಿದ್ದರು. ಅಪ್ಪ ಮಗನ ನಡುವಿನ ಮಾತು ನೀರಿನ ಮೋಟಾರು, ಖಾಲಿಯಾದ ಮನೆ, ಇಷ್ಟಕ್ಕೇ ನಿಂತಿತ್ತು. ಊರೆಲ್ಲ ಚಪ್ಪಾಳೆ ಹೊಡೆದ ಮೇಲೂ ಮನೆಗೆ ಬಂದಾಗ ಅಪ್ಪ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದರು. ಮೂವತ್ತು ದಾಟಿದವನು ಇದಕ್ಕೆಲ್ಲ ನೋಯಬಾರದು ಎಂದು ಲೋಕೇಶ್ ತನಗೆ ತಾನೇ ಬುದ್ಧಿ ಹೇಳಿಕೊಳ್ಳುತ್ತಿದ್ದ, ನೋಯುತ್ತಲೂ ಇದ್ದ.

ಹೀಗಿರುವಾಗ ನಿವೇದಿತಾ ಎನ್ನುವ ಹುಡುಗಿಯಿಂದ ಫೋನ್ ಬಂತು. ಏಜೆಂಟ್ ಶಶಾಂಕ ಸರಣಿಯ ಹೊಸ ಚಿತ್ರಕ್ಕೆ ನಟರನ್ನು ಹುಡುಕುವ ಕೆಲಸ ಅವಳದು. ಯಾರೋ ಮೊಬೈಲಿನಲ್ಲಿ ಹಿಡಿದು ಹಾಕಿದ್ದ ನಾಟಕದ ತುಣುಕಿನಲ್ಲಿ ಇವನನ್ನು ಕಂಡಿದ್ದಳು. ವಿಚಿತ್ರವೆಂದರೆ ಅವಳಿಗೆ ಹಿಡಿಸಿದ್ದು ರಾಜನ ಅಬ್ಬರವಲ್ಲ. ಪಕ್ಕದ ಪಾತ್ರಧಾರಿ ಕಂದಪದ್ಯ ಹಾಡುವಾಗ ಇವನು ಸುಮ್ಮನೆ ನಿಂತು ಕೇಳುತ್ತಿದ್ದನಲ್ಲ, ಅದು.

ಸಿಂಗಸಂದ್ರದ ಒಂದು ಹಳೇ ಗೋದಾಮಿನಲ್ಲಿ ಪರೀಕ್ಷೆ ನಡೆಯಿತು. ಸುತ್ತ ಜಿಮ್‌ನಲ್ಲಿ ಮೈ ಬೆಳೆಸಿದ ಹುಡುಗರು. ನಿರ್ದೇಶಕರು ಒಂದು ಟೇಬಲ್ಲು, ಒಂದು ಲೋಟ ಟೀ ತರಿಸಿ, “ಕೂತು ಟೀ ಕುಡಿರಿ. ನೀವು ಯಾರನ್ನೋ ಕಾಯ್ತಿದ್ದೀರಿ, ಅದು ಯಾರಿಗೂ ಗೊತ್ತಾಗಬಾರದು” ಎಂದರು. ಹುಡುಗರು ಹುಬ್ಬು ಏರಿಸಿದರು, ಕಣ್ಣು ಕಿರಿದು ಮಾಡಿದರು. ಲೋಕೇಶ್ ಟೀ ಕುಡಿದ. ಪಾಳಿ ಪೂರ್ತಿ ಮೆಷಿನ್ ಮುಂದೆ ಮುಖದಲ್ಲಿ ಏನೂ ತೋರಿಸದೆ, ಕಿವಿಯನ್ನೆಲ್ಲ ಅದರ ಸದ್ದಿಗೇ ಕೊಟ್ಟು ನಿಲ್ಲುವವನಿಗೆ ಅದೇನು ದೊಡ್ಡ ವಿಷಯ? ನಿರ್ದೇಶಕರು ಇನ್ನೊಂದು ಲೋಟ ತರಿಸಿ ಮತ್ತೊಮ್ಮೆ ಕುಡಿಸಿದರು.

ಮತ್ತೆರಡು ಬಾರಿ ಕರೆಸಿ ಕೊನೆಗೆ ಇವನೇ ಎಂದಾಯಿತು. ಸೋಮವಾರ ಸಹಿ. ಒಂದೇ ಒಂದು ಕಟ್ಟಳೆ. ಹೊಸ ಶಶಾಂಕ ಯಾರೆಂದು ಕಂಪನಿ ತಾನಾಗಿ ಹೇಳುವವರೆಗೆ ಯಾರಿಗೂ ತಿಳಿಯಕೂಡದು. ಜನ ಯಾರಿರಬಹುದೆಂದು ತಲೆ ಕೆಡಿಸಿಕೊಳ್ಳುವುದೇ ಆ ಚಿತ್ರಗಳಿಗೆ ಅರ್ಧ ಪ್ರಚಾರ. “ಮನೇಲೂ ಬೇಡ ಸಾರ್, ಪ್ಲೀಸ್” ಎಂದಳು ನಿವೇದಿತಾ.

ಲೋಕೇಶ್ ಯಾರಿಗೂ ಹೇಳುತ್ತಿರಲಿಲ್ಲ. ಆದರೆ ಪಾತ್ರಕ್ಕೆ ಮೀಸೆ ತೆಗೆಯಬೇಕಿತ್ತು. ಅಪ್ಪ ಬದುಕಿರುವಾಗ ಮಗ ಮೀಸೆ ಬೋಳಿಸಿಕೊಂಡು ಮನೆಗೆ ಬಂದರೆ ಬಾಗಲಗುಂಟೆಯ ತಾಯಿ ಏನೆಂದುಕೊಂಡಾಳು? ಎದೆ ಒಡೆದುಕೊಂಡಾಳು. ಹಾಗಾಗಿ ಅಮ್ಮ ಚಿಕ್ಕಮುನಿಯಮ್ಮನನ್ನು ಅಡುಗೆಮನೆಯಲ್ಲಿ ಕೂರಿಸಿ ವಿಷಯ ಹೇಳಿದ.

“ಯಾರ್ಗೂ ಹೇಳ್ಬೇಡಮ್ಮ. ಹೊರಗೆ ಗೊತ್ತಾದ್ರೆ ಕೈತಪ್ಪಿ ಹೋಗುತ್ತೆ.”

“ನಾನ್ಯಾರ್ಗೇಳ್ಳಪ್ಪ” ಎಂದು ಅವಳು ಕಣ್ಣೊರೆಸಿಕೊಂಡಳು.

ಅವಳು ಹೊರಗಿನವರಿಗೆ ಹೇಳಲಿಲ್ಲ. ಗಂಡನಿಗೆ ಹೇಳಿದಳು. ಗಂಡ ಅವಳ ಪಾಲಿಗೆ ಹೊರಗಿನವನಲ್ಲ. ಇಷ್ಟು ವರ್ಷ ಮುಖ ತಿರುಗಿಸಿಕೊಂಡವರು ಇನ್ನಾದರೂ ಮಗನನ್ನು ಕರೆದು ಮಾತಾಡಿಸಲಿ ಎಂಬ ಆಸೆ. ಯಾರಿಗೂ ಹೇಳಬಾರದು ಎಂಬ ಮಾತನ್ನು ಆ ಸಂಭ್ರಮದಲ್ಲಿ ಸೇರಿಸಲು ಮರೆತಳು.

ಅದನ್ನು ಕೇಳಿದ ಹನುಮಂತರಾಯಪ್ಪ ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹೊರಗೆ ಹೋದರು. ನಮ್ಮ ಕಡೆ ಸಂತೋಷವಾದರೆ ಜನ ಏನು ಮಾಡುತ್ತಾರೋ ಅದನ್ನೇ ಮಾಡಿದರು: ಫ್ಲೆಕ್ಸ್ ಹಾಕಿಸಿದರು.

ಶನಿವಾರ ಮಧ್ಯಾಹ್ನ ಊಟದ ಹೊತ್ತಿಗೆ ನಿವೇದಿತಾ ಕಾರ್ಖಾನೆಗೆ ಫೋನ್ ಮಾಡಿದಳು. ದನಿ ಸಣ್ಣದಾಗಿತ್ತು.

“ಸಾರ್, ಆ ಫ್ಲೆಕ್ಸ್ ಫೋಟೋ ನಮ್ಮ ಪ್ರೊಡ್ಯೂಸರ್ ಮೊಬೈಲಿಗೇ ಬಂದಿದೆ. ಎಲ್ಲಾ ಗ್ರೂಪಲ್ಲೂ ಓಡಾಡ್ತಿದೆ. ಯಾರಿಗೆ ಹೇಳಿದ್ರಿ?”

“ನಮ್ಮಮ್ಮನಿಗೆ ಮೇಡಂ.”

“ನಾನು ಎಷ್ಟೋ ಹೇಳಿ ನೋಡಿದೆ ಸಾರ್. ಆ ಪಾತ್ರಕ್ಕೆ ಬೇರೆಯವರ ಹತ್ರ ಮಾತಾಡಿ ಮುಗಿಸಿಬಿಟ್ರು. ಕ್ಷಮಿಸಿ” ಎಂದಳು.

ಲೋಕೇಶ್ ರಜೆ ಹೇಳಿ ಬೈಕ್ ಹತ್ತಿದ. ಜೇಬಿನಲ್ಲಿ ಬ್ಲೇಡು ಇಟ್ಟುಕೊಂಡಿದ್ದ. ಫ್ಲೆಕ್ಸ್ ಹಾಕಿಸಿದವನು ಯಾವನೇ ಆಗಿರಲಿ, ಅವನೆದುರಿಗೇ ಹರಿದು ಬಿಸಾಡಬೇಕು ಎಂದುಕೊಂಡಿದ್ದ. ಬಸ್ ಸ್ಟಾಪಿನ ಪಕ್ಕ ಅದು ಎರಡಾಳೆತ್ತರ ನಿಂತಿತ್ತು. ಫ್ಲೆಕ್ಸ್ ಅಂಗಡಿಯವನು ಲೋಕೇಶನ ಮುಖವನ್ನು ಯಾರದೋ ಕೋಟಿನ ಮೇಲೆ ಕೂರಿಸಿ, ಕಪ್ಪು ಕನ್ನಡಕ ಹಾಕಿ, ಕೈಗೊಂದು ಪಿಸ್ತೂಲು ಕೊಟ್ಟಿದ್ದ. ‘ನೂತನ ಏಜೆಂಟ್ ಶಶಾಂಕ, ನಮ್ಮ ಮನೆಮಗ ಲೋಕೇಶನಿಗೆ ಹಾರ್ದಿಕ ಶುಭಾಶಯಗಳು.’ ಕೆಳಗೆ, ಕೋರುವವರ ಜಾಗದಲ್ಲಿ, ಕೈ ಮುಗಿದು ನಗುತ್ತಿದ್ದ ಅಪ್ಪ. ಒಬ್ಬರೇ.

ಅಪ್ಪ ಎದುರಿನ ಟೀ ಅಂಗಡಿಯಲ್ಲೇ ಕೂತಿದ್ದರು. ಯಾರು ಯಾರು ನಿಂತು ನೋಡುತ್ತಾರೆ ಎಂದು ನೋಡುತ್ತಿದ್ದರು. ಮಗನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿದರು.

“ಅಂಗ್ಡಿಯವ್ನು ಗದೆ ಹಿಡ್ದಿರೋ ಪೋಟಾನೇ ಆಕ್ತೀನಿ ಅಂದ. ಬ್ಯಾಡ ಕಣಪ್ಪ, ಕೋಟು ಆಕು ಅಂದೆ. ಎಂಗೈತ್ಲಾ?”

ಲೋಕೇಶನ ಕೈ ಜೇಬಿನಲ್ಲಿತ್ತು. ಸಿಟ್ಟು ಇಳಿದಿತ್ತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮೈಯೆಲ್ಲ ಉರಿಯುತ್ತಿತ್ತು, ಅಳಬೇಕೆನಿಸುತ್ತಿತ್ತು. ಆದರೂ ಕೂತ.

“ಚೆನ್ನಾಗೈತೆ ಕಣಪ್ಪ” ಎಂದ. ಅಪ್ಪ ಇನ್ನೊಂದು ಟೀ ಹೇಳಿದರು. ಅವನು ಅದನ್ನು ಕುಡಿದ. ಅಷ್ಟು ಹೊತ್ತು ಮಗನ ಪಕ್ಕ ಕೂತೂ ಅಪ್ಪನಿಗೆ ಏನೂ ಗೊತ್ತಾಗಲಿಲ್ಲ.

ವಾರ ಕಳೆದ ಮೇಲೆ, “ಪಿಕ್ಚರ್ ನಿಂತೋಯ್ತಂತೆ ಕಣಪ್ಪ. ಕಂಪನಿಯವ್ರೇ ಕೈಬಿಟ್ರಂತೆ” ಎಂದುಬಿಟ್ಟ. ಅಪ್ಪ ಸಿನಿಮಾದವರ ವಂಶವನ್ನೆಲ್ಲ ಬಯ್ದರು. ಊರಲ್ಲಿ ಕೇಳಿದವರಿಗೆಲ್ಲ ಅದನ್ನೇ ಹೇಳಿದರು. ನನ್ನ ಮಗನದೇನೂ ತಪ್ಪಿಲ್ಲ, ಅವರದೇ ಹಣೆಬರಹ ಎಂದರು. ಈಗೀಗ ಕಾರ್ಖಾನೆಯಿಂದ ಬಂದ ಮಗನಿಗೆ “ಊಟ ಆಯ್ತೇನ್ಲಾ?” ಎಂದು ತಾವಾಗಿ ಕೇಳುತ್ತಿದ್ದರು. ಕಳೆದುಕೊಂಡದ್ದನ್ನು ನೆನೆದು ಲೋಕೇಶ್ ಒಬ್ಬನೇ ಇದ್ದಾಗ ಹಲ್ಲು ಕಚ್ಚುತ್ತಿದ್ದ. ಸಿಕ್ಕಿದ್ದನ್ನು ಕಳೆದುಕೊಳ್ಳಬಾರದೆಂದು ಆ ಸುಳ್ಳನ್ನು ಕಾಯುತ್ತಿದ್ದ.

ಆದರೆ ನಿಂತುಹೋದ ಚಿತ್ರ ಮರುವರ್ಷ ಬಿಡುಗಡೆಯಾಯಿತು. ಜಾಲಹಳ್ಳಿ ಕ್ರಾಸಿನಿಂದ ದಾಸರಹಳ್ಳಿಯವರೆಗೆ ಗೋಡೆ ಗೋಡೆಗೂ ಹೊಸ ಶಶಾಂಕ. ಹನುಮಂತರಾಯಪ್ಪ ಒಂದು ಪೋಸ್ಟರಿನ ಮುಂದೆ ತುಂಬಾ ಹೊತ್ತು ನಿಂತಿದ್ದು, ಮನೆಗೆ ಬಂದು ಹೆಂಡತಿಯನ್ನು ಕೇಳಿದರಂತೆ: “ಅವತ್ತು ಅವನು ನಿಂಗೆ ಏನಂದಿದ್ದ? ಒಂದೂ ಬುಡ್ದಂಗೆ ಏಳು.” ಚಿಕ್ಕಮುನಿಯಮ್ಮ ಒಂದೂ ಬಿಡದೆ ಹೇಳಿದಳು. ಈ ಸಲ ಮರೆತಿದ್ದ ಮಾತೂ ನೆನಪಾಯಿತು. ಅವರು ಮಗನ ಹತ್ತಿರ ಅದರ ಸುದ್ದಿ ಎತ್ತಲಿಲ್ಲ. ಮಗನೂ ಎತ್ತಲಿಲ್ಲ.

ಅದೇ ತಿಂಗಳು ನಾಟಕ. ಸೋಮವಾರ ಮೊದಲ ಪಾಳಿಗೆ ಹೋಗಬೇಕಾದವರು ರಾತ್ರಿಯೆಲ್ಲ ಆಡುವುದು ಹೇಗೆ? ಹಾಗಾಗಿ ಭಾನುವಾರ ಬೆಳಿಗ್ಗೆ ಕಲ್ಯಾಣ ಮಂಟಪದಲ್ಲೇ ರಂಗ ಕಟ್ಟಿದ್ದರು. ರಾಜನ ಪ್ರವೇಶದ ಹಾಡು ಮುಗಿಯಿತು. ಇಲ್ಲಿ ಒಂದು ಪದ್ಧತಿ ಇದೆ: ಮುಖ್ಯ ಪಾತ್ರ ಬಂದ ಕೂಡಲೇ ನಾಟಕ ನಿಲ್ಲುತ್ತದೆ, ಬಂಧುಬಳಗ ರಂಗಕ್ಕೇ ಹತ್ತಿ ಹಾರ ಹಾಕುತ್ತಾರೆ. ಆ ದಿನ ಮೊದಲು ಹತ್ತಿದವರು ಹನುಮಂತರಾಯಪ್ಪ. ಅವರು ನಾಟಕಕ್ಕೆ ಬಂದಿದ್ದಾರೆಂಬುದೇ ಲೋಕೇಶನಿಗೆ ಗೊತ್ತಿರಲಿಲ್ಲ.

ಕಿರೀಟ ತಗ್ಗಿಸಿದ ಮಗನ ಕೊರಳಿಗೆ ಹಾರ ಹಾಕಿ, ಅವರು ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು: “ನಿನ್ ಪಾರ್ಟು ನಾನೇ ಕಳುದ್ನಲ್ಲಪ್ಪ. ಒಂದು ಮಾತು ಬೈಬಾರ್ದಾಗಿತ್ತಾ?”

ಮೆಲ್ಲಗೇ ಹೇಳಿದರು. ಆದರೆ ಪಾತ್ರಧಾರಿಯ ಎದೆಗೆ ಸಿಕ್ಕಿಸಿದ್ದ ಮೈಕಿಗೆ ಗುಟ್ಟು ಯಾವುದು, ಮಾತು ಯಾವುದು ಎಂದು ಗೊತ್ತಾಗುವುದಿಲ್ಲ. ಮಂಟಪದ ಮೂಲೆ ಮೂಲೆಯ ಸ್ಪೀಕರಿನಲ್ಲೂ ಅದು ಕೇಳಿಸಿತು. ಹಾರ್ಮೋನಿಯಂ ಮೇಷ್ಟರ ಕೈ ನಿಂತಿತು. ಬಯ್ಯುವುದು ಬೇಕಾದಷ್ಟಿತ್ತು, ವರ್ಷದಿಂದ ಒಳಗೇ ಕೂಡಿಟ್ಟದ್ದು. ಲೋಕೇಶನ ಬಾಯಿಗೆ ಬಂದದ್ದು ಮಾತ್ರ ಬೇರೆ.

“ಇಲ್ಲ ಕಣಪ್ಪ” ಎಂದ, ಅದೂ ಎಲ್ಲರಿಗೂ ಕೇಳುವ ಹಾಗೆ. “ಆ ಪಿಕ್ಚರ್ ನಿಂತೋಗಿತ್ತು.”

ಆ ಚಿತ್ರ ಆಗ ಮುಖ್ಯರಸ್ತೆಯ ಚಿತ್ರಮಂದಿರದಲ್ಲೇ ಓಡುತ್ತಿತ್ತು, ಕೂತಿದ್ದವರಲ್ಲಿ ಅರ್ಧ ಜನ ನೋಡಿಯೂ ಬಂದಿದ್ದರು. ಒಬ್ಬರೂ ನಗಲಿಲ್ಲ. ಹನುಮಂತರಾಯಪ್ಪ ಹಾರವನ್ನು ಸರಿಮಾಡಿ, “ಆಯ್ತು ಬುಡು, ನಿಂತೋಗಿತ್ತು” ಎಂದು ಮೆಟ್ಟಿಲು ಇಳಿದು ಮೊದಲ ಸಾಲಿನಲ್ಲಿ ಕೂತರು. ಸಂಜೆ ಮಂಗಳಾರತಿ ಆಗುವವರೆಗೂ ಎದ್ದು ಹೋಗಲಿಲ್ಲ.